ಕರೆದರೆ ತಿರುಗುವುದು

ಸೋಪಿನ ನೀರಿಗೆ ಗ್ಲಿಸರಿನ್ ಒಂದು ಹನಿ ಹೆಚ್ಚಾಗಿತ್ತು. ಊದಿ ನೋಡಿದಳು. ಗುಳ್ಳೆ ಹುಟ್ಟಿತು, ಆದರೆ ಹಾರುವ ಮನಸ್ಸಿಲ್ಲದ ಹಾಗೆ ಭಾರವಾಗಿ ಮೇಜಿನ ಅಂಚಿಗೆ ಇಳಿದು, ಅಲ್ಲೇ ಸ್ವಲ್ಪ ಕೂತು, ಒಡೆಯಿತು. ಡಬ್ಬಿಗೆ ಇನ್ನಷ್ಟು ನೀರು ಹಾಕಿ ನೊರೆ ಏಳದಂತೆ ಕಡ್ಡಿಯಿಂದ ಕಲಕಿದಳು. ಮಕ್ಕಳು ಬರುವ ಮುಂಚಿನ ಈ ಸ್ವಲ್ಪ ಹೊತ್ತು ಕೇಂದ್ರ ಬೇರೆ ಯಾರದೋ ಮನೆಯ ಹಾಗಿರುತ್ತದೆ. ಒರೆಸಿದ ನೆಲ ಇನ್ನೂ ಆರಿರುವುದಿಲ್ಲ. ಗೋಡೆಗಳ ಕೆಳಭಾಗಕ್ಕೆ, ತಲೆ ಬಡಿದರೂ ನೋವಾಗದಂತೆ ಅಂಟಿಸಿದ ದಪ್ಪ ಸ್ಪಂಜಿನ ಹಾಸು. ಕುಳ್ಳ ಕುರ್ಚಿಗಳು, ಕುಳ್ಳ ಮೇಜುಗಳು, ಕುಳ್ಳ ನಲ್ಲಿ. ಎಲ್ಲವೂ ಮಂಡಿಯ ಎತ್ತರಕ್ಕಿರುವ ಈ ಲೋಕದಲ್ಲಿ ದೊಡ್ಡವರು ದಿನವಿಡೀ ಬಗ್ಗಿಯೇ ಇರಬೇಕು. ಸಂಜೆ ಬೀದಿಗೆ ಇಳಿದರೆ ಮರ, ಕಂಬ, ಮಹಡಿ ಎಲ್ಲ ವಿನಾಕಾರಣ ಎತ್ತರವಾಗಿ ಕಾಣುತ್ತವೆ. ಇವತ್ತು ಬುಗುರಿ ಎಂಬ ಹುಡುಗಿಯನ್ನು ಓಣಿಗೆ ಕರೆದುಕೊಂಡು ಹೋಗಬೇಕು. ಎದ್ದಾಗಿನಿಂದ ಅದು ನೀರಿಲ್ಲದೆ ನುಂಗಿದ ಮಾತ್ರೆಯ ಹಾಗೆ ಎದೆಯ ನಡುವೆ ನಿಂತಿತ್ತು. ಓಣಿಯಲ್ಲಿ ಕೆಲಸ ಕೆಟ್ಟರೆ ಬುಗುರಿ ನಾಳೆಯಿಂದ ಬೇರೆಯವರ ಕೈಗೆ. ಕೆಡದಿದ್ದರೆ, ಆ ಹುಡುಗಿಯ ಬಾಯಲ್ಲಿದ್ದ ಆ ಎರಡು ಮಾತು ಇನ್ನು ಕೇಳುವುದಿಲ್ಲ. ಎರಡರಲ್ಲಿ ತಾನು ಹೆದರುತ್ತಿರುವುದು ಯಾವುದಕ್ಕೆ ಎಂದು ಅವಳು ಕೇಳಿಕೊಳ್ಳಲಿಲ್ಲ. ಡಬ್ಬಿಯ ಮುಚ್ಚಳ ಬಿಗಿದಳು.

ಅವಳ ಕೆಲಸಕ್ಕೆ ಬಿಹೇವಿಯರ್ ಟೆಕ್ನಿಷಿಯನ್ ಎಂದು ಹೆಸರು. ಕೆಲಸ ಸಿಕ್ಕಿದ ಸುದ್ದಿ ಕೇಳಿ ಗಂಡನ ಚಿಕ್ಕಮ್ಮ, ಟೆಕ್ನಿಷಿಯನ್ ಅಂದರೆ ಫ್ರಿಜ್ಜು ಗಿಜ್ಜು ರಿಪೇರಿ ಮಾಡುವುದೇ ಎಂದು ಕೇಳಿದ್ದರು, ಹಾಸ್ಯಕ್ಕಲ್ಲ, ನಿಜವಾಗಿಯೇ. ಆಮೇಲೆ ಅತ್ತೆಯ ಕಡೆ ತಿರುಗಿ, ಎಂ.ಎ. ಮಾಡಿದವಳಿಗೆ ಇನ್ನೊಬ್ಬರ ಮಕ್ಕಳನ್ನು ಆಡಿಸುವ ಕೆಲಸವೇ ಬೇಕಾಗಿತ್ತೇ ಎಂದು, ಅವಳಿಗೆ ಕೇಳುವಷ್ಟು ಮೆಲ್ಲಗೆ ಹೇಳಿದ್ದರು. ಆ ದಿನಗಳಲ್ಲಿ ಯಾರು ಏನಂದರೂ ಅವಳಿಗೆ ಪಕ್ಕದ ಮನೆಯ ರೇಡಿಯೋದ ಹಾಗೆ ಕೇಳಿಸುತ್ತಿತ್ತು. ಆಟಿಸಂ ಇರುವ ಮಕ್ಕಳ ಜೊತೆ ನೆಲದ ಮೇಲೆ ಕೂರುವ ಕೆಲಸವನ್ನು ಅವಳು ಒಪ್ಪಿಕೊಂಡದ್ದು ಅವರ ಮೇಲಿನ ಪ್ರೀತಿಯಿಂದಲ್ಲ. ಅಲ್ಲಿ ಯಾರೂ ಮುಖ ನೋಡುವುದಿಲ್ಲ ಎಂದು ಕೇಳಿದ್ದಳು. ಕಣ್ಣಲ್ಲಿ ಕಣ್ಣಿಟ್ಟು, ತಲೆ ಒಂದು ಕಡೆ ವಾಲಿಸಿ, ಹೇಗಿದೀಯಮ್ಮ ಎಂದು ಯಾರೂ ಕೇಳದ ಜಾಗ ಒಂದಿದ್ದರೆ ಅದೇ ಇರಬೇಕು ಅನಿಸಿತ್ತು. ಹಾಗೇ ಆಯಿತು. ಮೊದಲ ವಾರ ಒಂದು ಮಗು ಅವಳ ಬಳೆಯನ್ನು ನೋಡಿತು, ಇನ್ನೊಂದು ಅವಳ ಮೊಣಕೈಯ ಗುಳಿಯನ್ನು. ಮುಖವನ್ನು ಯಾರೂ ನೋಡಲಿಲ್ಲ. ಮನೆಗೆ ಹೋಗಿ ಮೊದಲ ಸಲ ಹೊಟ್ಟೆ ತುಂಬ ಉಂಡಳು.

ಕೆಲಸದ ಗುಟ್ಟು ದೊಡ್ಡದೇನಲ್ಲ. ದೊಡ್ಡದನ್ನು ಸಣ್ಣ ಸಣ್ಣ ತುಂಡು ಮಾಡಬೇಕು. ಬೂಟು ಹಾಕಿಕೊಳ್ಳುವುದು ಒಂದು ಕೆಲಸವಲ್ಲ, ಹತ್ತಾರು ಕೆಲಸ. ಒಂದೊಂದು ತುಂಡನ್ನು ಮಗು ಮಾಡಿದ ಕ್ಷಣದಲ್ಲೇ ಅದಕ್ಕೆ ಪ್ರಿಯವಾದದ್ದು ಸಿಗಬೇಕು: ಒಂದು ಮಗುವಿಗೆ ಒಣದ್ರಾಕ್ಷಿ, ಇನ್ನೊಂದಕ್ಕೆ ಬೆನ್ನ ಮೇಲೆ ಅಂಗೈಯ ಗಟ್ಟಿ ಒತ್ತು, ಬುಗುರಿಗೆ ಸೋಪಿನ ಗುಳ್ಳೆ. ಗುಳ್ಳೆ ಯಾವುದರ ಬೆನ್ನಿಗೆ ಬರುತ್ತದೋ ಅದು ಬೆಳೆಯುತ್ತದೆ. ಒಂದು ಉಸಿರು ಮುಂಚೆ ಊದಿದರೆ ಬೆಳೆಯುವುದು ಬೇರೆ ಏನೋ. ಕಲಿಸಿದವರು ಇದನ್ನು ಎಷ್ಟು ಸಲ ಹೇಳಿದ್ದರೆಂದರೆ ಅವಳಿಗೆ ಅದು ಮಗ್ಗಿಯ ಹಾಗೆ ಬಾಯಿಪಾಠವಾಗಿತ್ತು, ಮಗ್ಗಿಯ ಹಾಗೆಯೇ ಅರ್ಥ ಕಳೆದುಕೊಂಡಿತ್ತು.

ಬಾಗಿಲಲ್ಲಿ ನೆರಳಾಯಿತು. ಚೌಕಟ್ಟಿಗೆ ತಲೆ ತಾಗದಂತೆ ಬಗ್ಗಿ ಒಳಬಂದವನನ್ನು ಕೇಂದ್ರದಲ್ಲಿ ಎಲ್ಲರೂ ಉದ್ದಣ್ಣ ಎನ್ನುತ್ತಾರೆ. ಅವಳಂತೆಯೇ ಟೆಕ್ನಿಷಿಯನ್, ಅವಳಿಗಿಂತ ಮೊದಲು ಸೇರಿದವನು, ವಯಸ್ಸಿನಲ್ಲಿ ಚಿಕ್ಕವನು.

"ಏನಕ್ಕಾ, ಬೆಳಿಗ್ಗೆ ಬೆಳಿಗ್ಗೆ ಒಬ್ಬಳೇ ಗುಳ್ಳೆ ಊದ್ಕೊಂಡು ಕೂತಿದೀಯ. ನೀನು ಏನು ಒಳ್ಳೇ ಕೆಲಸ ಮಾಡ್ದೆ ಅಂತ?"

ಓಣಿಯ ತುದಿಯಲ್ಲಿ ಅವನು ನಿಲ್ಲಬೇಕೆಂದು ನಿಗದಿಯಾಗಿತ್ತು. ಬುಗುರಿ ಅಲ್ಲಿಯವರೆಗೆ ಬಂದರೆ ತಡೆಯುವುದು ಅವನ ಕೆಲಸ, ಅಲ್ಲಿಯವರೆಗೆ ಅವನು ಇದ್ದೂ ಇಲ್ಲದಂತಿರಬೇಕು. ಕಂಬದ ಹಾಗೆ ನಿಂತಿರುತ್ತೇನೆ, ನಾಯಿ ಬಂದು ಕಾಲೆತ್ತಿದರೂ ಅಲ್ಲಾಡುವುದಿಲ್ಲ ಎಂದ. ಅವಳು ನಕ್ಕಳು. ನಗು ಮುಖದಲ್ಲಿ ಎಲ್ಲಿಯವರೆಗೆ ಹೋಗಿ ನಿಲ್ಲುತ್ತದೆ ಎಂಬುದು ಈಚೆಗೆ ಅವಳಿಗೇ ಗೊತ್ತಾಗುತ್ತಿತ್ತು.

ಬುಗುರಿ ಎಂಬುದು ಮಗುವಿನ ಅಜ್ಜಿ ಇಟ್ಟ ಅಡ್ಡಹೆಸರು. ನಿಂತಲ್ಲೇ ಗಿರಗಿರನೆ ಸುತ್ತುತ್ತಾಳೆ, ತಲೆ ತಿರುಗುವುದಿಲ್ಲ, ಬೀಳುವುದಿಲ್ಲ, ಸುತ್ತುವಾಗ ಅವಳ ಮುಖದಲ್ಲಿ ಮೂಡುವ ಸುಖವನ್ನು ನೋಡಿದವರು ಆಮೇಲೆ ಅವಳನ್ನು ಬಡಪಾಯಿ ಎನ್ನಲಾರರು. ತುದಿಗಾಲಿನಲ್ಲಿ ನಡೆಯುತ್ತಾಳೆ, ಹಿಮ್ಮಡಿ ನೆಲಕ್ಕೆ ತಾಗಿದರೆ ಏನೋ ಕಳೆದುಹೋಗುತ್ತದೆ ಎಂಬಂತೆ. ಬಂದಾಗ ಮಾತಿರಲಿಲ್ಲ. ಹೆಸರು ಹಿಡಿದು ಕರೆದರೆ ತಿರುಗುತ್ತಿರಲಿಲ್ಲ. ಕಿವಿಯ ಪರೀಕ್ಷೆಯೆಲ್ಲ ಆಗಿ, ಕಿವಿ ಸರಿಯಿದೆ ಎಂದಿದ್ದರು. ಹಾಗಾಗಿ ಎಲ್ಲಕ್ಕಿಂತ ಮೊದಲ ಪಾಠ 'ಕರೆದರೆ ತಿರುಗುವುದು'. ಇದಕ್ಕೆ ಇಬ್ಬರು ಬೇಕು. ಒಬ್ಬರು ಮುಂದಿನಿಂದ ಕರೆಯಬೇಕು, ಇನ್ನೊಬ್ಬರು ಹಿಂದಿನಿಂದ ಭುಜ ಹಿಡಿದು ಮೆಲ್ಲಗೆ ತಿರುಗಿಸಿ ಕಳಿಸಬೇಕು. ಒಂದು ದಿನ ಇನ್ನೊಬ್ಬರು ರಜೆ ಹಾಕಿದ್ದರು. ಅವಳೇ ಕರೆದಳು, ಅವಳೇ ಹಿಂದೆ ಓಡಿ ಭುಜ ಹಿಡಿದಳು, ಹಿಡಿದವಳು ಮಗುವಿನ ಪರವಾಗಿ ತಾನೇ ಓಗೊಟ್ಟಳು. ಬಂದೆ ಬಂದೆ. ಯಾಕೆ ಹಾಗಂದಳೋ. ಬಾಯಿಗೆ ಬಂತು. ಆ ದಿನವೆಲ್ಲ ಹಾಗೇ ಆಡಿದಳು, ಕರೆಯುವವಳೂ ಅವಳೇ ಬರುವವಳೂ ಅವಳೇ, ಒಬ್ಬಳೇ ಕೂತು ಎರಡೂ ಕಡೆಯ ಪಗಡೆಯಾಡುವ ಹಾಗೆ. ಕೆಲವು ದಿನ ಕಳೆದು, ಮೇಜಿನ ಆಚೆ ಬಿಸಿಲಿನ ಪಟ್ಟಿಯಲ್ಲಿ ನಿಂತಿದ್ದ ಬುಗುರಿಯನ್ನು ಕರೆದಾಗ, ಬುಗುರಿ ಗೋಡೆಯನ್ನೇ ನೋಡುತ್ತ ಹೇಳಿದಳು: ಬಂದೆ ಬಂದೆ.

ಈ ಮಕ್ಕಳಲ್ಲಿ ಕೆಲವರು ಮಾತನ್ನು ಕಲಿಯುವುದಿಲ್ಲ, ಎತ್ತಿಕೊಳ್ಳುತ್ತಾರೆ, ರಾಗ ಸಮೇತ, ಗೊಗ್ಗರು ದನಿಯ ಸಮೇತ. ಬುಗುರಿ ಎತ್ತಿಕೊಂಡದ್ದು ಅವಳ ಬಾಯಿಂದ. ಆದರೆ ಕೇಳಿದ್ದು ಅವಳ ದನಿಯಾಗಿರಲಿಲ್ಲ. ಮೊದಲ 'ಬಂದೆ' ಚುರುಕು, ಈಗಲೇ ಎದ್ದೆ ಎಂಬಷ್ಟು. ಎರಡನೆಯದು ಆಗಲೇ ಸೋತು ಕೂತದ್ದು, ಉಸಿರಿನಲ್ಲಿ ಅರ್ಧ ಮುಳುಗಿದ್ದು. ಅವಳ ಗಂಡ ಹಾಗೇ ಹೇಳುತ್ತಿದ್ದ. ಊಟಕ್ಕೆ ಕರೆದರೆ ಬಚ್ಚಲಿನಿಂದ, ಬಚ್ಚಲಿಗೆ ಕರೆದರೆ ಪತ್ರಿಕೆಯ ಹಿಂದಿನಿಂದ, ಕಿಟಕಿಯ ಬಳಿ ಬಾ ಆಕಾಶ ನೋಡು ಎಂದರೆ ಮಂಚದಿಂದ. ಬಂದೆ ಬಂದೆ, ಮತ್ತು ಬರುತ್ತಿರಲಿಲ್ಲ. ಬಡಿಸಿದ ತಟ್ಟೆಯ ಮುಂದೆ ಕೂತು ಅವಳು ಸಿಟ್ಟಾಗುತ್ತಿದ್ದಳು, ನಿನ್ನ ಬಂದೆಗೆ ಬೆಂಕಿ ಹಾಕ ಎನ್ನುತ್ತಿದ್ದಳು. ಅವನು ಒದ್ದೆ ತಲೆಯಲ್ಲಿ ಬಂದು, ಬಂದೆ ಅಂದೆನಲ್ಲ, ಬಂದೆನಲ್ಲ ಎಂದು ಕೂರುತ್ತಿದ್ದ. ಆ ಮನೆ ಒಂದು ಅಂಗಡಿಯ ಮೇಲಿನ ಮಹಡಿ, ಎರಡು ಕೋಣೆ, ಎಲ್ಲಿಂದ ಕರೆದರೂ ಎಲ್ಲಿಗೂ ಕೇಳುವಂಥದ್ದು. ಕರೆಯುವ ಅಗತ್ಯವೇ ಇರಲಿಲ್ಲ, ಎದ್ದು ನಾಲ್ಕು ಹೆಜ್ಜೆ ಹಾಕಿದ್ದರೆ ಸಾಕಿತ್ತು. ಆದರೂ ಕರೆಯುತ್ತಿದ್ದಳು. ಅವನ ಮೊಬೈಲಿನಲ್ಲಿ, ಅವಳ ಮೊಬೈಲಿನಲ್ಲಿ ಅವನ ದನಿ ಇದೆ, ಯಾರದೋ ಮದುವೆಯಲ್ಲಿ ಕ್ಯಾಮೆರಾದ ಕಡೆ ನೋಡಿ ಗಂಟಲು ಸರಿಮಾಡಿಕೊಂಡು ಶುಭ ಕೋರುವ ದನಿ, ಬ್ಯಾಂಕಿನವರ ಜೊತೆ ವಾದ ಮಾಡುವ ದನಿ. ಬಚ್ಚಲಿನಿಂದ ಬರುವ ಬಂದೆಯನ್ನು ಯಾರಾದರೂ ಹಿಡಿದಿಡುತ್ತಾರೆಯೇ. ಅವನು ಹೋದ ದಿನ ಬೆಳಿಗ್ಗೆ ಕೊನೆಗೆ ಹೇಳಿದ್ದೂ ಅದಲ್ಲ. ಚಾರ್ಜರ್ ಎಲ್ಲಿಟ್ಟೆ ಎಂದು ಕೇಳಿದ್ದ. ಮಧ್ಯಾಹ್ನ ಆಫೀಸಿನ ಮೆಟ್ಟಿಲಲ್ಲಿ ಕುಸಿದ. ಚಾರ್ಜರ್ ಅವಳ ಚೀಲದಲ್ಲೇ ಇತ್ತು.

ಗೋಡೆಯ ಕಡೆ ಮುಖ ಮಾಡಿದ್ದ ಮಗುವಿನ ಗಂಟಲಿನಿಂದ ಅದು ಬಂದ ಕ್ಷಣ ಅವಳ ಕೈ ತಾನಾಗಿ ಡಬ್ಬಿಗೆ ಹೋಯಿತು, ಉಸಿರು ತಾನಾಗಿ ಬಂತು, ಕೋಣೆಯ ತುಂಬ ಗುಳ್ಳೆ. ಬುಗುರಿ ತಿರುಗಿರಲಿಲ್ಲ. ಗುಳ್ಳೆಗಳು ಕಂಡ ಮೇಲೆ ತಿರುಗಿದಳು. ಗಾಜಿನ ಆಚೆ ಕೂತು ನೋಡುತ್ತಿದ್ದ ಮೇಲ್ವಿಚಾರಕಿ, ಎಲ್ಲರೂ ದೊಡ್ಡಕ್ಕ ಎನ್ನುವ ಹಿರಿಯಾಕೆ, ಎದ್ದು ಬಂದು ಚಪ್ಪಾಳೆ ತಟ್ಟಿದರು. ಮಾತಿಲ್ಲದ ಮಗುವಿನ ಮೊದಲ ಮಾತಲ್ಲವೇ, ಆ ಹೊತ್ತಿನಲ್ಲಿ ಯಾರು ಕಾಲು ನೋಡುತ್ತಾರೆ. ಸಂಜೆ ಬುಗುರಿಯ ಅಮ್ಮ ಕೇಂದ್ರಕ್ಕೆಲ್ಲ ಚಾಕಲೇಟು ಹಂಚಿದಳು. ಅವಳ ಎರಡೂ ಕೈ ಹಿಡಿದು, ಮೇಡಂ, ನಿಮ್ಮ ಬಾಯಿಂದ ನನ್ನ ಮಗಳಿಗೆ ಮಾತು ಬಂತು ಎಂದಳು. ಆ ಹೊಗಳಿಕೆಯನ್ನು ಅವಳು ತಲೆ ತಗ್ಗಿಸಿ ತೆಗೆದುಕೊಂಡಳು, ತನ್ನದಲ್ಲದ ಪಾರ್ಸೆಲ್ಲಿಗೆ ಸಹಿ ಹಾಕಿದ ಹಾಗೆ. ಆಮೇಲೆ ಕರೆಯುವುದಕ್ಕೆ ಕಾರಣ ಹುಡುಕತೊಡಗಿದಳು. ಬುಗುರಿ, ಪೆನ್ಸಿಲ್ ಕೊಡು. ಬುಗುರಿ, ಇಲ್ಲಿ ಬಾ. ಬುಗುರಿ. ಕೆಲವೊಮ್ಮೆ ಮಾತು ಹೊರಡುವ ಮುಂಚೆಯೇ ಅವಳ ಬಾಯಿ ಊದುವ ಆಕಾರಕ್ಕೆ ಬಂದಿರುತ್ತಿತ್ತು. ಮನೆಯಲ್ಲೂ ಅದೇ ಆಟ ಹತ್ತಿಕೊಂಡಿತು, ಅಜ್ಜಿ ಕರೆಯುವುದು, ಮಗು ಬಂದೆ ಬಂದೆ ಎನ್ನುವುದು, ಮನೆಮಂದಿಯೆಲ್ಲ ನಗುವುದು, ನಗುವೇ ಗುಳ್ಳೆ.

ಮಳಿಗೆಯೊಂದರ ಮುಂದೆ ಅದು ನಡೆಯಿತು. ಬುಗುರಿಯ ಅಮ್ಮ ಅವಳಿಗೆ ಅದನ್ನು ಹೇಳಿದ್ದು ದೂರುವ ದನಿಯಲ್ಲಲ್ಲ, ಯಾವುದೋ ಲೆಕ್ಕ ತಾಳೆಯಾಗದವರು ಮತ್ತೆ ಮತ್ತೆ ಕೂಡಿಸುವ ದನಿಯಲ್ಲಿ. ಹಿಟ್ಟಿನ ಚೀಲ ಎತ್ತಿಕೊಳ್ಳಲು ಬಗ್ಗಿದ್ದಳಂತೆ, ಮಗಳು ಬೆನ್ನ ಹಿಂದೆ ಇದ್ದಳಂತೆ.

"ಕರೆದೆ ಮೇಡಂ. ಬಂದೆ ಬಂದೆ ಅಂದ್ಲು. ಅಷ್ಟು ಚೆನ್ನಾಗಿ ಅಂದ್ಲು, ನಾನು ತಿರುಗೇ ನೋಡ್ಲಿಲ್ಲ. ಬರ್ತಿದಾಳೆ ಅಂತ ಚೀಲ ಕಟ್ಟಿಕೊಳ್ತಾ ಇದ್ದೆ."

ಬ್ರೇಕಿನ ಶಬ್ದಕ್ಕೆ ತಿರುಗಿದಾಗ ಬುಗುರಿ ರಸ್ತೆಯ ನಡುವೆ ತುದಿಗಾಲಿನಲ್ಲಿ ನಿಂತಿದ್ದಳು, ನೀರಿನ ಟ್ಯಾಂಕರ್ ಅವಳಿಂದ ಒಂದು ಮಾರು ದೂರದಲ್ಲಿ ನಿಂತು ನಡುಗುತ್ತಿತ್ತು. ಚಾಲಕ ಇಳಿದು ಬಂದು ಬೈದನಂತೆ. ಅವನು ಬೈಯುತ್ತಿರುವಾಗಲೂ ಮಗು ಅವನಿಗೆ ಬಂದೆ ಬಂದೆ ಎನ್ನುತ್ತಿತ್ತಂತೆ. ಇದನ್ನು ಹೇಳುವಾಗ ಅಮ್ಮ ನಕ್ಕಳು, ನಕ್ಕವಳು ಅರ್ಧದಲ್ಲಿ ನಿಲ್ಲಿಸಿ ಅವಳ ಮುಖ ನೋಡಿದಳು. ಮಾತು ಬರದೇ ಇದ್ದಾಗ ನಾನು ಕೈ ಬಿಡುತ್ತಲೇ ಇರಲಿಲ್ಲ ಎಂದಳು. ಅವರಿಬ್ಬರೂ ಕೂತಿದ್ದ ಕೊಠಡಿಯಲ್ಲಿ ಗೋಡೆ ಗಡಿಯಾರವಿತ್ತು, ಅದರ ಗಾಜಿನಲ್ಲಿ ಟ್ಯೂಬ್‌ಲೈಟ್ ಬಿದ್ದು ಮುಳ್ಳುಗಳು ಕಾಣುತ್ತಿರಲಿಲ್ಲ. ಅವಳು ಅದನ್ನೇ ನೋಡುತ್ತಿದ್ದಳು.

ದೊಡ್ಡಕ್ಕ ಅವಳನ್ನು ಬೇರೆಯಾಗಿ ಕರೆದರು, ಅಡುಗೆಕೋಣೆಯಂತಿದ್ದ ಹಿಂದಿನ ಜಾಗಕ್ಕೆ, ಆಟಿಕೆ ತೊಳೆಯುವ ಸಿಂಕಿನ ಹತ್ತಿರ. ತಾನೂ ಚಪ್ಪಾಳೆ ತಟ್ಟಿದವಳು, ತಪ್ಪಿನಲ್ಲಿ ತನಗೂ ಪಾಲಿದೆ ಎಂದರು ಮೊದಲು. ಆಮೇಲೆ ಪ್ಲಾಸ್ಟಿಕ್ ಹಣ್ಣುಗಳನ್ನು ಒಂದೊಂದಾಗಿ ಒರೆಸುತ್ತ ಕೇಳಿದರು.

"ಕರೆದ ಮೇಲೆ ನೀನು ಕಣ್ಣು ಮುಚ್ಚಿಕೊಳ್ತೀಯ. ಗಾಜಿನಾಚೆಯಿಂದ ಎಷ್ಟೋ ದಿನದಿಂದ ನೋಡ್ತಿದೀನಿ. ಯಾಕೆ?"

ಕಣ್ಣು ಮುಚ್ಚಿಕೊಳ್ಳುತ್ತೇನೆ ಎಂಬುದು ಅವಳಿಗೆ ಗೊತ್ತಿರಲಿಲ್ಲ. ಗೊತ್ತಾದ ಕೂಡಲೇ, ಬಟ್ಟೆ ಹರಿದಿರುವುದನ್ನು ಬೀದಿಯಲ್ಲಿ ಯಾರೋ ಹೇಳಿದ ಹಾಗೆ ಕಿವಿಯವರೆಗೂ ಬಿಸಿಯಾಯಿತು. ದೊಡ್ಡಕ್ಕ ಉತ್ತರಕ್ಕೆ ಕಾಯಲಿಲ್ಲ. ಮೂವತ್ತು ವರ್ಷದ ಹಿಂದೆ ಒಂದು ಮಗುವನ್ನು ಕಳೆದುಕೊಂಡವರು ಅವರು ಎಂದು ಉದ್ದಣ್ಣ ಯಾವಾಗಲೋ ಹೇಳಿದ್ದ, ನಿಜವೋ ಸುಳ್ಳೋ. ಮಾತು ಬೇಡ ಎಂದು ನಾನು ಹೇಳುತ್ತಿಲ್ಲ ಎಂದರು. ಹೇಳಲಿ, ಸುಮ್ಮನಿರಲಿ, ಅದು ಅವಳಿಷ್ಟ. ಇನ್ನು ಮೇಲೆ ಬರೀ ಮಾತಿಗೆ ಯಾರೂ ತಿರುಗಬಾರದು, ನಗಬಾರದು, ಮುಖ ಅರಳಿಸಬಾರದು. ತಿರುಗಿದರೆ ಗುಳ್ಳೆ, ಬಂದರೆ ಗುಳ್ಳೆ. "ಗುಳ್ಳೆ ಕಾಲಿಗೆ ಕಣೇ, ಬಾಯಿಗಲ್ಲ." ಮರುದಿನ ಉದ್ದಣ್ಣ ಇದನ್ನು ಕೇಳಿ, ಕಾಲಿಗೆ ಗುಳ್ಳೆ ಅಂದರೆ ಬೂಟು ಕಚ್ಚಿದ್ದು ಅಂದುಕೊಂಡೆ ಎಂದು ಎಲ್ಲರನ್ನೂ ನಗಿಸಿದ್ದ. ಹೊರಡುವ ಮುಂಚೆ ದೊಡ್ಡಕ್ಕ, ಮೊದಲು ಕೋಣೆಯಲ್ಲಿ ಮಾಡು, ಆಮೇಲೆ ಓಣಿಯಲ್ಲಿ ನೋಡೋಣ, ಓಣಿಯಲ್ಲೂ ನಿನ್ನ ಕೈಲಿ ಆಗಲಿಲ್ಲ ಅಂದರೆ ಮಗುವನ್ನು ಉದ್ದಣ್ಣನಿಗೆ ಕೊಡುತ್ತೇನೆ, ತಪ್ಪು ತಿಳಿಯಬೇಡ ಎಂದರು. ಪ್ಲಾಸ್ಟಿಕ್ ಸೇಬೊಂದನ್ನು ಅವಳ ಕೈಗೆ ಕೊಟ್ಟು, ಇದನ್ನು ಒರೆಸು ಎಂದರು.

ಕೋಣೆಯ ದಿನಗಳು ಕಷ್ಟವಾದವು. ಸಿಗುತ್ತಿದ್ದದ್ದು ಸಿಗದೆ ಹೋದಾಗ ಮಗು ಮೊದಲು ಅದನ್ನೇ ಹೆಚ್ಚು ಮಾಡುತ್ತದೆ, ಜೋರಾಗಿ ಮಾಡುತ್ತದೆ. ಲಿಫ್ಟು ಬರದಿದ್ದರೆ ಗುಂಡಿಯನ್ನು ನಾವು ಮತ್ತೆ ಮತ್ತೆ ಒತ್ತುವುದಿಲ್ಲವೇ. ಆರುವ ದೀಪ ಹೆಚ್ಚು ಉರಿಯುತ್ತದೆ, ಹೆದರಬೇಡ ಎಂದು ದೊಡ್ಡಕ್ಕ ಹೇಳಿಕೊಟ್ಟಿದ್ದರು. ಬುಗುರಿ ಹೇಳಿದಳು. ಕರೆದರೂ ಹೇಳಿದಳು, ಕರೆಯದಿದ್ದರೂ ಹೇಳಿದಳು, ಮೇಜಿನ ಕೆಳಗಿನಿಂದ, ಪರದೆಯ ಹಿಂದಿನಿಂದ, ಸ್ಪಂಜಿನ ಗೋಡೆಗೆ ಕೆನ್ನೆಯೊತ್ತಿ ಬಂದೆ ಬಂದೆ, ಚೀರಿದಳು, ಪಿಸುಗುಟ್ಟಿದಳು. ಇಷ್ಟೊಂದು ಸಲ ಅವನೂ ಹೇಳಿರಲಿಲ್ಲ. ಮನೆಯ ಮೂಲೆಮೂಲೆಯಿಂದ ಅವನು ಒಮ್ಮೆಲೇ ಕೂಗುತ್ತಿರುವ ಹಾಗೆ, ಬಚ್ಚಲಿನಲ್ಲೂ ಅವನೇ, ಮಂಚದಲ್ಲೂ ಅವನೇ, ಮತ್ತು ಅವಳು ತಟ್ಟೆಯ ಮುಂದೆ ಕೂತು ಗೋಡೆ ನೋಡುತ್ತ, ಮುಖದಲ್ಲಿ ಏನೂ ತೋರಿಸಬಾರದು, ಏನೂ. ತೋರಿಸದೆ ಇರುವುದು ಅವಳಿಗೆ ಅಭ್ಯಾಸವಾಗಿದ್ದ ಒಂದೇ ವಿದ್ಯೆ. ಅದನ್ನು ಈ ಮಗುವಿನ ಮೇಲೆ ಬಳಸಬೇಕಾಯಿತಲ್ಲ ಎಂದು ಒಮ್ಮೆ ನೀರು ಕುಡಿಯುವ ನೆಪದಲ್ಲಿ ಹೊರಗೆ ಹೋಗಿ, ಕುಳ್ಳ ನಲ್ಲಿಗೆ ಬಗ್ಗಿ, ಮುಖ ತೊಳೆದಳು. ಮೊಬೈಲು ಕಪಾಟಿನಲ್ಲಿತ್ತು. ಒಂದೇ ಒಂದು ಸಲ ರೆಕಾರ್ಡಿಂಗ್ ಹಾಕಿ ಜೇಬಿನಲ್ಲಿಟ್ಟುಕೊಂಡು ಒಳಗೆ ಹೋದರೆ ಯಾರಿಗೆ ಗೊತ್ತಾಗುತ್ತದೆ ಅನಿಸಿತು. ಕಪಾಟಿನವರೆಗೆ ಹೋದಳು. ಬೀಗ ತೆಗೆಯಲಿಲ್ಲ; ಒಳ್ಳೆಯತನದಿಂದಲ್ಲ, ಒಳಗಿನಿಂದ ಬುಗುರಿ ಚೀರುತ್ತಿದ್ದಳು. ವಾಪಸ್ಸು ಬಂದಾಗ ಬುಗುರಿ ತಾನಾಗಿ ತಿರುಗಿ ಅವಳ ಮೊಣಕೈ ನೋಡಿದಳು. ಉಸಿರು ಸರಿಯಾದ ಕ್ಷಣಕ್ಕೆ ಹೋಯಿತು. ಕೋಣೆಯಲ್ಲಿ ಅಲ್ಲಿಂದ ಸ್ವಲ್ಪ ಸ್ವಲ್ಪವಾಗಿ ಸರಿಹೋಯಿತು. ಆದರೆ ಕೋಣೆಯಲ್ಲಿ ಟ್ಯಾಂಕರ್ ಬರುವುದಿಲ್ಲ.

ನಿನ್ನೆ ಸಂಜೆ, ಅತ್ತೆ ಬಟ್ಟೆ ಮಡಿಸುತ್ತಿದ್ದಾಗ, ಅವಳು ಇದನ್ನು ಅವರಿಗೆ ಹೇಳಿಬಿಟ್ಟಳು. ಅವರಿಬ್ಬರ ನಡುವೆ ಮಾತು ಕಡಿಮೆ. ಅವನ ಹೆಸರು ಹಾಲಿನವನ ಲೆಕ್ಕದಲ್ಲಿ, ಬ್ಯಾಂಕಿನ ಕಾಗದದಲ್ಲಿ ಮಾತ್ರ ಬರುತ್ತಿತ್ತು. ಕೇಂದ್ರದಲ್ಲಿ ಒಂದು ಹುಡುಗಿ ಇದೆ, ಕರೆದರೆ ನಿಮ್ಮ ಮಗನ ಹಾಗೆ ಬಂದೆ ಬಂದೆ ಎನ್ನುತ್ತದೆ, ಥೇಟ್ ಹಾಗೇ ಎಂದಳು. ಅವರನ್ನು ಒಮ್ಮೆ ಕರೆದುಕೊಂಡು ಹೋಗಿ ಕೇಳಿಸಬೇಕು ಎಂದು ಎಷ್ಟೋ ದಿನ ಅಂದುಕೊಂಡಿದ್ದಳು, ಈಗ ಕಾಲ ಮೀರಿತ್ತು. ಅತ್ತೆ ಟವೆಲಿನ ಅಂಚು ಕೂಡಿಸುತ್ತ, ಅವನೇನು ಹೊಸದಾಗಿ ಹೇಳಿದನೇ ಎಂದರು.

"ಅವರಪ್ಪನ ಮಾತದು. ನಿಮ್ಮ ಮಾವ ಹಾಗೇ ಅಂತಿದ್ರು. ನಾನು ಇವನಿಗೆ ಬೈತಿದ್ದೆ, ಅಪ್ಪನಿಂದ ಕಲಿಯೋದಕ್ಕೆ ಬೇರೇನೂ ಸಿಗ್ಲಿಲ್ವಾ ಅಂತ."

ನಕ್ಕರು ಕೂಡ. ಅವಳ ಕೈಯಲ್ಲಿದ್ದ ದಿಂಬಿನ ಚೀಲ ಕೈಯಲ್ಲೇ ಉಳಿಯಿತು. ಅವಳು ಅವನದು ಎಂದು ಹಿಡಿದುಕೊಂಡು ಕೂತದ್ದು ಅವನದೂ ಆಗಿರಲಿಲ್ಲ. ಅವಳು ಕಂಡಿರದ ಆ ಮಾವ ಯಾರಿಂದ ಎತ್ತಿಕೊಂಡಿದ್ದರೋ. ಅತ್ತೆ ಎಷ್ಟು ವರ್ಷ ಯಾವ ತಟ್ಟೆಯ ಮುಂದೆ ಕೂತಿದ್ದರೋ. ಮೋಸ ಹೋದ ಹಾಗೂ ಅನಿಸಿತು, ಹೊರೆ ಇಳಿದ ಹಾಗೂ. ಅತ್ತೆ ಟವೆಲನ್ನು ಮತ್ತೆ ಬಿಡಿಸಿ ಮತ್ತೆ ಮಡಿಸಿದರು. ಹೋದ ಮೇಲೆ, ಎಂದು ಶುರುಮಾಡಿ, ಯಾರು ಹೋದ ಮೇಲೆ ಎಂದು ಹೇಳದೆ ಬಿಟ್ಟರು.

ಬುಗುರಿ ಬಂದದ್ದು ಬಿಸಿಲು ಏರಿದ ಮೇಲೆ. ಅಮ್ಮನನ್ನು ಒಳಗಿನ ಕಾಯುವ ಕೋಣೆಯಲ್ಲಿ, ಕಿಟಕಿಯಿಂದ ದೂರ ಕೂರಿಸಿದರು. ಅಮ್ಮ ಕಂಡರೆ ಪಾಠ ಕೆಡುತ್ತದೆ. ಕೇಂದ್ರದ ಪಕ್ಕದ ಓಣಿ ಉದ್ದವಾಗಿ, ನೇರವಾಗಿ ಹೋಗಿ ದೊಡ್ಡ ರಸ್ತೆಗೆ ಬಾಯಿ ತೆರೆಯುತ್ತದೆ. ಒಂದು ಕಡೆ ಗೋಡೆ, ಇನ್ನೊಂದು ಕಡೆ ಶಟರು ಇಳಿಸಿದ ಅಂಗಡಿಗಳ ಬೆನ್ನು. ತುದಿಯಲ್ಲಿ ಉದ್ದಣ್ಣ ಕಂಬದ ಪಕ್ಕ ಇನ್ನೊಂದು ಕಂಬವಾಗಿದ್ದ, ಅವನ ಹಿಂದೆ ವಾಹನಗಳು ಹೋಗುತ್ತಿದ್ದವು, ಕತ್ತರಿಸಿದ ಚಿತ್ರಗಳ ಹಾಗೆ. ದೊಡ್ಡಕ್ಕ ಗೇಟಿನ ಒಳಗೆ ನಿಂತರು. ನಿಯಮ ಅವಳಿಗೆ ಗೊತ್ತಿತ್ತು. ಕೈ ಬಿಡಬೇಕು. ಒಮ್ಮೆ ಕರೆಯಬೇಕು, ಒಮ್ಮೆ ಮಾತ್ರ. ಹಿಂದೆ ಓಡಬಾರದು, ಓಡಿದರೆ ಅದು ಹಿಡಿಯುವ ಆಟವಾಗುತ್ತದೆ, ಆಟವೂ ಒಂದು ಗುಳ್ಳೆ. ಅವಳು ಕೈ ಬಿಟ್ಟಳು. ಬುಗುರಿಯ ಅಂಗೈ ಬೆವರು ಅವಳ ಅಂಗೈಯಲ್ಲಿ ಆರುತ್ತಿರುವಾಗಲೇ ಬುಗುರಿ ತುದಿಗಾಲಿನಲ್ಲಿ ಹೊರಟಿದ್ದಳು, ಶಟರುಗಳ ಗೀರುಗಳ ಮೇಲೆ ಬೆರಳು ಎಳೆಯುತ್ತ, ಟರ್ ಟರ್ ಟರ್.

"ಬುಗುರೀ."

ಬಂದೆ ಬಂದೆ. ಬೆರಳು ಶಟರಿನ ಮೇಲೇ ಇತ್ತು, ಹೆಜ್ಜೆ ಮುಂದಕ್ಕೇ. ತಗಡಿಗೆ ತಾಗಿ ಮಾತು ದೊಡ್ಡದಾಗಿ ತಿರುಗಿ ಬಂತು. ಕೋಣೆಯ ಸ್ಪಂಜು ಅದನ್ನು ಕುಡಿದುಬಿಡುತ್ತಿತ್ತು. ಇಲ್ಲಿ ಅದು ಪೂರ್ತಿಯಾಗಿ, ಕೊನೆಯ ಉಸಿರಿನ ಸಮೇತ ಕೇಳಿತು. ಅವಳೂ ಗಂಡನೂ ಇದ್ದ ಮನೆಯ ಕೆಳಗೂ ಶಟರು ಇತ್ತು. ಬೆಳಿಗ್ಗೆ ಅಂಗಡಿಯವನು ಅದನ್ನು ಎತ್ತುವ ಸದ್ದಿಗೆ ಅವನು ಹೊದಿಕೆಯನ್ನು ತಲೆಯ ಮೇಲೆ ಎಳೆದುಕೊಳ್ಳುತ್ತಿದ್ದ, ಅವಳು ಹಾಲು ಕಾಯಿಸುತ್ತ ಕರೆಯುತ್ತಿದ್ದಳು, ಹೊದಿಕೆಯ ಒಳಗಿನಿಂದ ಅದು ಬರುತ್ತಿತ್ತು, ಬೆಚ್ಚಗೆ, ಅರ್ಧ ನಿದ್ದೆಯಲ್ಲಿ, ಮತ್ತು ಹಾಲು ಉಕ್ಕುತ್ತಿತ್ತು, ಉಕ್ಕಲಿ, ಇನ್ನೂ ಎಷ್ಟೋ ಹಾಲಿದೆ, ಎಷ್ಟೋ ಬೆಳಿಗ್ಗೆಗಳಿವೆ ಎಂಬಂತೆ. ಬಂದೆ ಬಂದೆ, ಬುಗುರಿ ಮತ್ತೆ ಹೇಳಿದಳು, ಯಾರೂ ಕರೆಯದೆಯೇ, ಸ್ವಲ್ಪ ಜೋರಾಗಿ. ಅವಳ ರೆಪ್ಪೆಗಳು ಭಾರವಾದವು. ಅದು ಅವಳಿಗೆ ಈ ಸಲ ತಿಳಿಯಿತು, ರೆಪ್ಪೆ ಇಳಿಯುತ್ತಿರುವುದು, ಓಣಿ ಮೇಲಿನಿಂದ ಕಿರಿದಾಗುತ್ತಿರುವುದು. ಇಳಿಯಲು ಬಿಟ್ಟರೆ ಆ ಎರಡು ಕೋಣೆ, ಆ ಹಬೆ, ಒದ್ದೆ ತಲೆ, ಎಲ್ಲ ಇದ್ದಲ್ಲೇ ಇವೆ. ಓಣಿಯ ತುದಿಯಲ್ಲಿ ಯಾವುದೋ ಸ್ಕೂಟರು ಹಾರನ್ ಮಾಡಿತು. ಅವಳು ಕಣ್ಣನ್ನು ತೆರೆದಿಟ್ಟಳು. ತೆರೆದಿಡುವುದಕ್ಕೆ ಏನಾದರೊಂದನ್ನು ಹಿಡಿದುಕೊಳ್ಳಬೇಕಿತ್ತು, ಬುಗುರಿಯ ಹಿಮ್ಮಡಿಗಳನ್ನು ಹಿಡಿದುಕೊಂಡಳು.

ಹಸಿರು ಬೂಟುಗಳು. ಹಿಮ್ಮಡಿಗಳು ನೆಲ ಮುಟ್ಟದೆ, ಒಂದಾದ ಮೇಲೊಂದು, ಸಣ್ಣಗೆ ಪುಟಿಯುತ್ತಿದ್ದವು. ಮೂರನೆಯ ಶಟರು ದಾಟಿದವು. ಚರಂಡಿಯ ಕಲ್ಲಿನ ಮೇಲೆ ಹತ್ತಿದವು, ಇಳಿದವು. ಅಲ್ಲಿಂದ ಉದ್ದಣ್ಣನ ಕಾಲುಗಳಿಗೆ ದೂರವಿರಲಿಲ್ಲ. ಅವನು ಅಲ್ಲಾಡಲಿಲ್ಲ. ಅವಳ ಮಂಡಿಗಳು ಓಡುವುದಕ್ಕೆ ಆಗಲೇ ಬಗ್ಗಿದ್ದವು, ಅವನ್ನು ನೇರ ಮಾಡಿದಳು. ಹಿಮ್ಮಡಿಗಳು ನಿಧಾನವಾದವು. ಒಂದು ಹಿಮ್ಮಡಿ ಕೆಳಗಿಳಿದು ನೆಲ ಮುಟ್ಟಿತು. ಇನ್ನೊಂದು ಇಳಿಯಿತು. ಬುಗುರಿ ಎರಡೂ ಪಾದ ಪೂರ್ತಿ ಊರಿ ನಿಂತಿದ್ದನ್ನು ಅವಳು ಎಂದೂ ನೋಡಿರಲಿಲ್ಲ. ನಿಂತಾಗ ಆ ಪಾದಗಳು ತೀರಾ ಚಿಕ್ಕವು, ಒಂದು ಸ್ವಲ್ಪ ಒಳಕ್ಕೆ ವಾಲಿದ್ದು, ಯಾರ ಪಾದಗಳ ಹಾಗೂ ಇರಲಿಲ್ಲ. ಬಲಗಾಲಿನ ತುದಿ ಗೋಡೆಯ ಕಡೆ ತಿರುಗಿತು, ಅಲ್ಲೇ ಯೋಚಿಸಿತು, ಇನ್ನಷ್ಟು ತಿರುಗಿತು. ಎಡಗಾಲು ಅದನ್ನು ಹಿಂಬಾಲಿಸಿತು. ಈಗ ಬೂಟಿನ ಮೂತಿಗಳು ಅವಳ ಕಡೆಗಿದ್ದವು. ಊದಿದಳು. ತಿರುಗಿದ್ದಕ್ಕೆ ಒಂದು ಉಸಿರು, ಮೊದಲ ಹೆಜ್ಜೆಗೆ ಒಂದು, ಚರಂಡಿ ದಾಟಿದ್ದಕ್ಕೆ ಒಂದು. ಓಣಿಯ ಗಾಳಿ ಗುಳ್ಳೆಗಳನ್ನು ಬುಗುರಿಯ ಕಡೆಗೇ ಒಯ್ಯುತ್ತಿತ್ತು, ಹಸಿರು ಬೂಟುಗಳು ಅವುಗಳ ಕೆಳಗೆ ನಡೆದು ಬಂದವು, ಬಂದು ಅವಳ ಚಪ್ಪಲಿಯ ತುದಿಗೆ ತುದಿ ತಾಗಿಸಿ ನಿಂತವು.

ಉದ್ದಣ್ಣ ತುದಿಯಿಂದ ಎರಡೂ ಕೈ ಎತ್ತಿದ. ದೊಡ್ಡಕ್ಕ ಗೇಟಿನ ಚಿಲಕ ತೆಗೆದು ಅಮ್ಮನನ್ನು ಕರೆದರು. ಅಮ್ಮ ಓಡಿ ಬಂದವಳು ಮಗಳನ್ನು ಎತ್ತಿಕೊಳ್ಳಲಿಲ್ಲ, ಕಲಿಸಿಕೊಟ್ಟಿದ್ದ ಹಾಗೆ ಎರಡು ಹೆಜ್ಜೆ ದೂರದಲ್ಲೇ ನಿಂತು ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡಳು. ಬುಗುರಿ ಉಳಿದ ಗುಳ್ಳೆಗಳ ನಡುವೆ ಸುತ್ತತೊಡಗಿದ್ದಳು. ಸುಮ್ಮನೆ ಸುತ್ತುತ್ತಿದ್ದಳು, ಸದ್ದಿಲ್ಲದೆ. ಅಮ್ಮ ಅದನ್ನು ಸ್ವಲ್ಪ ಹೊತ್ತು ನೋಡಿದಳು, ಆಮೇಲೆ ಅವಳ ಹತ್ತಿರ ಬಂದು, ಯಾರಿಗೂ ಕೇಳಬಾರದ ಪ್ರಶ್ನೆಯನ್ನು ಕೇಳುವವಳ ಹಾಗೆ ದನಿ ಇಳಿಸಿದಳು.

"ಬರೋವಾಗ ಅಂದ್ಲಾ ಮೇಡಂ? ಬಂದೆ ಬಂದೆ ಅಂತ? ಒಳಗೆ ನನಗೆ ಕೇಳಿಸ್ಲಿಲ್ಲ. ಇನ್ನು ಅನ್ನೋದೇ ಇಲ್ವೇನೋ."

ಅವಳು ನೆನಪಿಸಿಕೊಳ್ಳಲು ನೋಡಿದಳು. ಎರಡನೆಯ ಸಲ ಹೇಳಿದ್ದು ನೆನಪಿತ್ತು, ಹಾರನ್ ನೆನಪಿತ್ತು. ಆಮೇಲೆ ಬುಗುರಿ ಹೇಳಿದ್ದಳೇ, ಹೇಳಿರಲಿಲ್ಲವೇ, ನಿಲ್ಲುವ ಮುಂಚೆ ಮೆಲ್ಲಗೆ ಒಂದು ಸಲ, ಚರಂಡಿ ದಾಟುವಾಗ ಒಂದು ಸಲ. ಹೇಳಿರಬಹುದು. ಅವಳ ಕಿವಿಯಲ್ಲಿ ಏನೂ ಉಳಿದಿರಲಿಲ್ಲ.

"ಗೊತ್ತಾಗ್ಲಿಲ್ಲಮ್ಮ," ಎಂದಳು. "ನಾನು ಕಾಲು ನೋಡ್ತಿದ್ದೆ."

ಬುಗುರಿಯ ಎಡಬೂಟಿನ ಪಟ್ಟಿ ಬಿಚ್ಚಿಕೊಂಡು ನೆಲಕ್ಕೆ ಉಜ್ಜುತ್ತಿತ್ತು. ಅವಳು ಡಬ್ಬಿಯನ್ನು ಕೆಳಗಿಟ್ಟು, ಬಗ್ಗಿ, ಮಗು ಸುತ್ತುವುದನ್ನು ನಿಲ್ಲಿಸುವವರೆಗೆ ಕಾದಳು.